ಮೂರ್ಛೆಯ ಠರಾವು

ಪುವೆರ್ತೊ ಕೆಬ್ರಾಚೊ
ಆಗಸ್ಟ್ 13, ಮಂಗಳವಾರ, ಮಧ್ಯಾಹ್ನ ಎರಡೂವರೆ

ನನ್ನ ಡುಮ್ಮ, ನನ್ನ ಹಿಲ್ದೊ,

ನೀನು ಹಿತ್ತಲಿನ ಮಾವಿನ ಮರದಡಿ ಜೋಲಿಯಲ್ಲಿ ಮಲಗಿದ್ದೀಯ. ನಿನ್ನ ಗೊರಕೆ ಅಡುಗೆಮನೆಯ ಮೇಜಿನವರೆಗೂ ಕೇಳಿಸುತ್ತಿದೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಇಲಾಖಾ ವಿಚಾರಣೆಯ ಕೊನೆಯ ದಿನ. ನಿನ್ನ ಇಪ್ಪತ್ತೆರಡು ವರ್ಷದ ಕೆಲಸ ಉಳಿಯುತ್ತದೋ, ದಂಗೆಕೋರ ಎಂಬ ಹಣೆಪಟ್ಟಿ ಹಚ್ಚಿಸಿಕೊಂಡು ವಜಾ ಆಗುತ್ತೀಯೋ ಎಂದು ಮೂವರು ಅಧಿಕಾರಿಗಳು ಹೇಳಿಬಿಡುತ್ತಾರೆ. ವಜಾ ಆದರೆ ಅಲ್ಲಿಗೇ ಮುಗಿಯುವುದೂ ಇಲ್ಲ, ಆಮೇಲೆ ಜೈಲಿನ ಮೊಕದ್ದಮೆ. ಅಂಥದ್ದರಲ್ಲಿ ನಿನಗೆ ನಿದ್ದೆ ಹೇಗೆ ಬರುತ್ತದಪ್ಪಾ? ನಾನು ಬೆಳಗಿನಿಂದ ಎರಡು ಸಲ ಹಾಲು ಉಕ್ಕಿಸಿದೆ. ನಿನ್ನ ಸಮವಸ್ತ್ರದ ಅಂಗಿಗೆ ಮೂರು ಸಲ ಇಸ್ತ್ರಿ ಹಾಕಿದೆ. ಅಮಾನತಿನಲ್ಲಿರುವವನು ಅದನ್ನು ತೊಡುವ ಹಾಗಿಲ್ಲ ಎಂದು ನೆನಪಾದದ್ದು ಮೂರನೆಯ ಸಲ ಮುಗಿದ ಮೇಲೆ.

ನಿನಗೆ ಒಂದು ವಿಷಯ ಹೇಳಬೇಕು. ಎಂಟು ತಿಂಗಳಿಂದ ಗಂಟಲಲ್ಲಿ ಇಟ್ಟುಕೊಂಡು ತಿರುಗುತ್ತಿದ್ದೇನೆ. ಎದುರಿಗೆ ಕೂತರೆ ನಾಲಿಗೆ ಏಳುವುದಿಲ್ಲ. ಕಾಗದ, ಪೆನ್ನು ಸಿಕ್ಕರೆ ಮಾತ್ರ ನನಗೆ ಧೈರ್ಯ. ಅದು ನಿನಗೂ ಗೊತ್ತು. ಇವತ್ತು ಮಂಗಳವಾರ, ಹದಿಮೂರನೆಯ ತಾರೀಖು ಬೇರೆ. ಇಂಥ ಅಪಶಕುನದ ದಿನ ನಿನ್ನ ಅಮ್ಮ ಸೂಜಿಗೆ ದಾರ ಕೂಡ ಪೋಣಿಸುತ್ತಿರಲಿಲ್ಲ. ಏನು ಮಾಡಲಿ, ನಾಳೆಗೆ ಮುಂಚೆ ನನಗೆ ಉಳಿದಿರುವುದು ಇದೊಂದೇ ಮಧ್ಯಾಹ್ನ.

ಮೊದಲಿನಿಂದಲೇ ಬರೆಯುತ್ತೇನೆ, ಅಡ್ಡಡ್ಡ ಬರೆದರೆ ನನಗೇ ಗೊಂದಲವಾಗುತ್ತದೆ. ನಮ್ಮ ಸಂಘ ಹುಟ್ಟಿದ್ದು ಒಂದು ಹಸಿ ಜಾಕೆಟ್ಟಿನಿಂದ. ನಿನ್ನ ಎರಡನೆಯ ತುಕಡಿಯಲ್ಲಿ ಮೂವರಿಗೆ ಒಂದು ಗುಂಡು ತಡೆಯುವ ಜಾಕೆಟ್ಟು. ಪಾಳಿ ಮುಗಿಸಿದವನು ಬಿಚ್ಚಿ ಕೊಟ್ಟದ್ದನ್ನು ಅವನ ಬೆವರು ಆರುವ ಮುಂಚೆಯೇ ಮುಂದಿನವನು ತೊಡಬೇಕು. ಮನೆಗೆ ಬಂದರೆ ನಿನ್ನ ಮೈಯಿಂದ ಬೇರೆ ಇಬ್ಬರ ವಾಸನೆ ಬರುತ್ತಿತ್ತು. ಒಳಗಿನ ಚೀಟಿಯ ಪ್ರಕಾರ ಅದರ ಅವಧಿ ಮುಗಿದು ನಾಲ್ಕು ವರ್ಷವಾಗಿತ್ತು. ಕಾರ್ಪೊರಲ್ ಮಾನ್ಸಿಯಾ ಅಂಥದ್ದನ್ನೇ ತೊಟ್ಟು ಹೋಗಿ ಹೆಣವಾಗಿ ಬಂದ. ಶವಪೆಟ್ಟಿಗೆಯ ಪಕ್ಕ ನಿಂತು ಅವನ ಹೆಂಡತಿ ಎದೆಲ್ಮಿರಮ್ಮ ದೊಡ್ಡ ಅಧಿಕಾರಿಯನ್ನು ಕೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ: "ಬಸ್ಸಿನೋರಿಗೆ ಸಂಘ ಇದೆ, ಬ್ರೆಡ್ ಸುಡೋರಿಗೆ ಸಂಘ ಇದೆ, ಇವತ್ತು ನನ್ನ ಗಂಡನ ಗುಂಡಿ ತೋಡಿದೋನಿಗೂ ಸಂಘ ಇದೆ. ಪೊಲೀಸಿನೋನು ಏನ್ ಪಾಪ ಮಾಡಿದಾನ್ರೀ?"

ಸಂಘ ನೋಂದಾಯಿಸಲು ಹೋದರೆ ಕಾರ್ಮಿಕ ಕಚೇರಿಯ ಕಿಟಕಿಯಲ್ಲಿ ಕೂತ ಗುಮಾಸ್ತ ನಗುತ್ತ ಹೇಳಿದ: "ಅಮ್ಮಾ, ಕೋವಿ ಹಿಡಿದೋನಿಗೆ ಸಂಘ ಕೊಡಕ್ಕಾಗಲ್ಲ. ಕೆಲಸದಲ್ಲಿರೋ ಒಬ್ಬನ ಹೆಸರು ಈ ಅರ್ಜೀಲಿ ಕಂಡ್ರೂ ಅವನ ಕೆಲಸ ಹೋಯ್ತು ಅಂದ್ಕೊಳ್ಳಿ." ಹಾಗಾಗಿ ನಿಮ್ಮ ಹೆಸರುಗಳನ್ನೆಲ್ಲ ತೆಗೆದು ನಮ್ಮ ಹೆಸರು ಹಾಕಿದೆವು. ಟೈರು ಅಂಗಡಿಯ ಮೇಲಿನ ಕೋಣೆ, ಮುರುಕು ಫ್ಯಾನು, ಅಧ್ಯಕ್ಷೆ ವಿಧವೆ ಎದೆಲ್ಮಿರಮ್ಮ, ಕಾರ್ಯದರ್ಶಿ ಶಾಲೆಯ ಗುಮಾಸ್ತೆ ದೆಲ್ಫಿನಾ, ಅಂದರೆ ನಾನು. ಕಾಗದದ ಮೇಲೆ ನಮ್ಮ ಪೊಲೀಸ್ ನೌಕರರ ಸಂಘದಲ್ಲಿ ಒಬ್ಬನೇ ಒಬ್ಬ ಪೊಲೀಸನೂ ಇರಲಿಲ್ಲ! ನೀನು ಎರಡನೆಯ ತುಕಡಿಯ ಪ್ರತಿನಿಧಿ, ಆದರೆ ಸಭೆಗೆ ಬಂದಾಗ ಫ್ಯಾನು ರಿಪೇರಿಯವನ ಹಾಗೆ ಮೂಲೆಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಕೂರುತ್ತಿದ್ದೆ.

ನಡಾವಳಿ ಪುಸ್ತಕ ನನ್ನ ಕೈಗೆ ಬಂದದ್ದು ಆಗಲೇ. ವಕೀಲ ಬಾರ್ರಿಯೊಸ್ ಪುಟಪುಟಕ್ಕೂ ಸಂಖ್ಯೆ, ಮೊಹರು ಹಾಕಿಸಿ ತಂದುಕೊಟ್ಟು, "ದೆಲ್ಫಿನಾ, ಒಂದಿನ ಕೋರ್ಟು ನಮ್ಮನ್ನ ಸಂಘ ಅಂತ ಒಪ್ಪಬೇಕಾದ್ರೆ ಈ ಪುಸ್ತಕ ಒಂದೇ ಸಾಕ್ಷಿ. ಇದರಲ್ಲಿ ಬರೀದೆ ಇದ್ದದ್ದು ನಡೆದೇ ಇಲ್ಲ ಅಂತ ಲೆಕ್ಕ. ನಡೆದದ್ದನ್ನೆಲ್ಲ ಬರೀರಿ" ಎಂದಿದ್ದರು. ನಾನು ಅದನ್ನು ವೇದವಾಕ್ಯವಾಗಿ ತೆಗೆದುಕೊಂಡೆ. ಯಾರು ಆಕಳಿಸಿದರು ಎಂಬುದನ್ನೂ ಬರೆಯುತ್ತೀಯಾ ಎಂದು ನೀನು ರೇಗಿಸುತ್ತಿದ್ದೆ. ಹಾಗೆ ರೇಗಿಸುವವನ ಚಾಳಿಯೇನು ಕಮ್ಮಿಯೆ? ಪಹರೆ ಬದಲಾಗುವಾಗ ಬಂದವನು ಪಹರೆ ಪುಸ್ತಕವನ್ನು ಕೊನೆಯ ಸಾಲಿನವರೆಗೆ ಓದಿ, ಕೆಳಗೆ "ನೋಡಿದೆ" ಎಂದು ಸಮಯ ಹಾಕಿ ಸಹಿ ಮಾಡಬೇಕು. ಆ ಅಭ್ಯಾಸ ನಿನ್ನ ಕೈಗೆ ಎಷ್ಟು ಅಂಟಿದೆಯೆಂದರೆ, ಫ್ರಿಜ್ಜಿನ ಮೇಲೆ "ಈರುಳ್ಳಿ ತಾ" ಎಂದು ಚೀಟಿ ಅಂಟಿಸಿದರೆ ಅದರ ಕೆಳಗೂ "ನೋಡಿದೆ, 14.20" ಎಂದು ಬರೆದಿರುತ್ತೀಯ. ಈರುಳ್ಳಿ ಮಾತ್ರ ಬಂದಿರುವುದಿಲ್ಲ.

ಇನ್ನು ಡಿಸೆಂಬರಿನ ಮಾತು. ನೀವು ಕೆಲಸ ನಿಲ್ಲಿಸಿದರೆ ದಂಗೆ. ನಾವು ಹೆಂಡತಿಯರು ಬ್ಯಾರಕ್ಕಿನ ಗೇಟಿಗೆ ಸರಪಳಿ ಬಿಗಿದು ನಿಮ್ಮನ್ನು ಒಳಗೆ ಕೂಡಿಹಾಕಿದರೆ, ನೀವು ಪಾಪ ಸಿಕ್ಕಿಹಾಕಿಕೊಂಡವರು. ದೇಶದಲ್ಲೆಲ್ಲ ಪೊಲೀಸರ ಹೆಂಡಿರು ಮಾಡುವ ಉಪಾಯ ಅದೊಂದೇ, ನಾವೂ ಅದನ್ನೇ ಮಾಡಿದೆವು. ಮೊದಲ ಮೂರು ದಿನ ಹಬ್ಬದ ಹಾಗಿತ್ತು. ನೀವು ಒಳಗಿನಿಂದ ಕಂಬಿ ಹಿಡಿದು "ಬಿಡ್ರಮ್ಮಾ, ಡ್ಯೂಟಿಗೆ ಹೋಗ್ಬೇಕು!" ಎಂದು ಕೂಗುವುದು, ಎದೆಲ್ಮಿರಮ್ಮ "ಹೋಗೋದೇನೂ ಬೇಡ, ಬಿದ್ದಿರಿ ಒಳಗೆ!" ಎನ್ನುವುದು, ಆಮೇಲೆ ದನಿ ತಗ್ಗಿಸಿ "ಇನ್ನೂ ಜೋರಾಗಿ ಕೂಗ್ರೋ, ಕ್ಯಾಮೆರಾಕ್ಕೆ ಕೇಳಿಸ್ಲಿಲ್ಲ" ಎಂದು ಬೈಯುವುದು. ಕಂಬಿಯ ಸಂದಿಯಿಂದ ನಾನು ಕೊಟ್ಟ ಚಿಪಾ ರೊಟ್ಟಿಯನ್ನು ನೀನು ಕೈದಿಯ ಹಾಗೆ ಮುಖ ಮಾಡಿಕೊಂಡು ತಿಂದದ್ದು ನೆನಪಿದೆಯೆ? ನಾಲ್ಕನೆಯ ದಿನ ಟೀವಿಯವರು ಗಂಟುಮೂಟೆ ಕಟ್ಟಿದರು. ಸರ್ಕಾರದಿಂದ ಒಂದು ನೊಣವೂ ನಮ್ಮ ಕಡೆ ಸುಳಿಯಲಿಲ್ಲ. ಆರನೆಯ ದಿನ ಬೆಳಿಗ್ಗೆ, ಗಂಡಂದಿರನ್ನು ಹಿಡಿದು ಬೇರೆ ಊರಿಗೆ ಸಾಗಿಸಲು ದೊಡ್ಡ ಪಡೆ ಬರುತ್ತಿದೆ ಎಂಬ ಸುದ್ದಿ ಬಂತು.

ಗೇಟಿನ ಎದುರಿನ ಮರದ ಕೆಳಗೆ, ತಣ್ಣನೆಯ ತೆರೆರೆ ಕಷಾಯದ ಲೋಟ ಕೈಯಿಂದ ಕೈಗೆ ಸುತ್ತುತ್ತಿದ್ದಾಗ, ಎದೆಲ್ಮಿರಮ್ಮ ಅಂದರು: "ಟೀವಿಯೋರು ವಾಪಸ್ ಬರ್ಬೇಕಂದ್ರೆ ಯಾರಾದ್ರೂ ಒಬ್ರು ಬೀಳ್ಬೇಕು ಕಣ್ರೇ."

ಪೇದೆಯ ಹೆಂಡತಿ, ನಮ್ಮೆಲ್ಲರಿಗಿಂತ ಚಿಕ್ಕವಳಾದ ಗ್ರಿಸೆಲ್ದಾ, "ನಾನು ಬೀಳ್ಲಾ?" ಎಂದಳು.

"ನೀನು ಬಿದ್ರೆ ನಗ್ತೀಯ. ದೆಲ್ಫಿನಾ ಬೀಳ್ಲಿ. ಮೊದ್ಲೇ ಬಿಳಿಚಿಕೊಂಡಿದಾಳೆ, ನಂಬ್ತಾರೆ."

ಹೌದು ಹಿಲ್ದೊ. ಇದೇ ಆ ಮಾತು. ನಾನು ಮೂರ್ಛೆ ಹೋಗಲಿಲ್ಲ. ನನ್ನ ಎದೆಗೆ ಯಾವ ಕಾಯಿಲೆಯೂ ಇಲ್ಲ. ಕಂಬಳಿ ಹಾಸಿಕೊಂಡು ಮೂರು ಸಲ ಬಿದ್ದು ಅಭ್ಯಾಸ ಮಾಡಿದೆ. "ಅಯ್ಯೋ, ಬಾಣಲೆ ಬಿದ್ದಂಗೆ ದಬಕ್ ಅಂತ ಬೀಳ್ಬೇಡ್ವೇ, ಮೆತ್ತಗೆ, ಮೊದ್ಲು ಮಂಡಿ" ಎಂದು ಎದೆಲ್ಮಿರಮ್ಮ ಹೇಳಿಕೊಟ್ಟರು. ನಾನು ಬಿದ್ದಕೂಡಲೆ ಗ್ರಿಸೆಲ್ದಾ ಸರಪಳಿ ತೆಗೆದು ಒಳಗಿನ ಕಂಪೌಂಡರನ್ನು ಸ್ಟ್ರೆಚರಿನ ಜೊತೆ ಹೊರಗೆ ಬಿಡಬೇಕು, ಕ್ಯಾಮೆರಾದಲ್ಲಿ ಸ್ಟ್ರೆಚರು ಕಾಣಬೇಕು, ಅಷ್ಟೆ. ಹೆಂಗಸರು ಬಿಸಿಲಿಗೆ ಬಳಲಿದ್ದಾರೆಂದು ಫೋನು ಮಾಡಿ ಟೀವಿಯವರನ್ನು ಮತ್ತೆ ಕರೆಸಿದೆವು. ನಿನಗೆ ಹೇಳುವುದು ಬೇಡವೆಂದು ನಾನೇ ಹೇಳಿದೆ. ನಿನಗೆ ನಟನೆ ಬರುವುದಿಲ್ಲ, ಕ್ಯಾಮೆರಾ ಮುಂದೆ ನಕ್ಕುಬಿಡುತ್ತೀಯ ಎಂದುಕೊಂಡೆ. ನೀನು ಓಡಿಬರಬಹುದು ಎಂದು ಯಾಕೆ ನನ್ನ ತಲೆಗೆ ಹೊಳೆಯಲಿಲ್ಲವೋ! ಇಪ್ಪತ್ತು ವರ್ಷ ಸಂಸಾರ ಮಾಡಿದವಳಿಗೆ ಅಷ್ಟೂ ಗೊತ್ತಾಗಬಾರದೆ? ಅದನ್ನು ನೆನೆದರೆ ಈಗಲೂ ನನ್ನನ್ನು ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಕಣ್ಣು ಮುಚ್ಚಿ ಬಿದ್ದಿದ್ದೆ. ಕಂಪೌಂಡರನ ಹೆಜ್ಜೆಗಾಗಿ ಕಿವಿಗೊಟ್ಟಿದ್ದೆ. ಸರಪಳಿ ಬಿಚ್ಚಿದ ಕೂಡಲೆ ಬಂದದ್ದು ನಿನ್ನ ಬೂಟು. "ಫಿನಾ! ಫಿನಾ, ಕಣ್ಣು ಬಿಡೇ!" ಎಂದು ನೀನು ಕೂಗಿದೆ. ನಿನ್ನ ಎರಡು ಬೆರಳು ನನ್ನ ಕುತ್ತಿಗೆಯ ನಾಡಿ ಹುಡುಕುತ್ತ ನಡುಗುತ್ತಿದ್ದವು. ಕಳ್ಳರ ಬೆನ್ನು ಹತ್ತಿ ಛಾವಣಿಯಿಂದ ಛಾವಣಿಗೆ ಹಾರಿದವನ ಬೆರಳು ಹಾಗೆ ನಡುಗುವುದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಆಗಲೇ ಕಣ್ಣು ಬಿಟ್ಟು "ಸುಳ್ಳು ಕಣೋ, ಒಳಗೆ ಹೋಗು" ಎಂದಿದ್ದರೆ? ಸುತ್ತ ಕ್ಯಾಮೆರಾ ಇತ್ತು. ಬಿಡಲಿಲ್ಲ. ಹೆಂಗಸರು ನಿನ್ನನ್ನು ಎಳೆದು, ತಳ್ಳಿ, ಒಳಗೆ ಹಾಕಿ ಮತ್ತೆ ಸರಪಳಿ ಬಿಗಿದರು. ಎಲ್ಲ ಸೇರಿ ನಲವತ್ತು ಸೆಕೆಂಡು.

ಒಂಬತ್ತನೆಯ ದಿನ ಹೊಸ ಜಾಕೆಟ್ಟುಗಳ ಆದೇಶಕ್ಕೆ ಸಹಿ ಬಿತ್ತು. ಎಲ್ಲರೂ ಅತ್ತರು, ಕುಣಿದರು. ಆದರೆ ಯಾರಾದರೂ ಒಬ್ಬರು ಸಿಗಬೇಕಿತ್ತಲ್ಲ ಅವರಿಗೆ? ಗೇಟಿನಾಚೆ ಕಾಲಿಟ್ಟವನು ನೀನೊಬ್ಬನೇ. ವಿಚಾರಣೆಯಲ್ಲಿ ನಲವತ್ತು ಸೆಕೆಂಡಿನ ಆ ಟೀವಿ ಚಿತ್ರ ಹಾಕಿ ತೋರಿಸಿ ಕೇಳುತ್ತಾರೆ: ಹೊರಗೆ ಬರಲು ಸಾಧ್ಯವಿತ್ತು, ಹಾಗಾದರೆ ಆ ಒಂಬತ್ತು ದಿನ ಯಾಕೆ ಕೆಲಸಕ್ಕೆ ಬರಲಿಲ್ಲ? ನಿನಗೆ ನನ್ನ ಮೇಲಿದ್ದ ಪ್ರೀತಿಯೇ ಅವರ ಕಡತದಲ್ಲಿ ಸಾಕ್ಷಿ ಸಂಖ್ಯೆ ಒಂದು.

ನೀನು ಮಾತ್ರ ಒಂದು ದಿನವೂ ನನ್ನನ್ನು ದೂರಲಿಲ್ಲ. ಬೆಳಗಿನ ಆರು ಹತ್ತಕ್ಕೆ, ಮೊದಲು ಪಹರೆಗೆ ನಿಲ್ಲುತ್ತಿದ್ದ ಹೊತ್ತಿಗೆ, ಎದ್ದು ಕೂತು ನನ್ನ ಮುಂಗೈ ಹಿಡಿದು ಗಡಿಯಾರ ನೋಡುತ್ತ ನಾಡಿ ಎಣಿಸುತ್ತೀಯ. ನಾನು ನಿದ್ದೆಯ ನಟನೆ ಮಾಡುತ್ತೇನೆ. ಮೊದಲ ಮೂರು ತಿಂಗಳು ಮನೆಯಲ್ಲಿ ಉಪ್ಪು ಬಂದ್. ಎದೆಗೆ ಒಳ್ಳೆಯದಲ್ಲವೆಂದು ನೀನೂ ಸಪ್ಪೆ ಸಾರನ್ನೇ ಉಂಡೆ. ನಾನು ಎದೆಲ್ಮಿರಮ್ಮನ ಮನೆಗೆ ಹೋಗಿ ಕದ್ದು ಉಪ್ಪು ಚೀಸು ತಿಂದು ಬರುತ್ತಿದ್ದೆ, ಥೂ ನನ್ನ ಜನ್ಮಕ್ಕೆ. ಆಮೇಲೆ ಒಂದು ದಿನ ನೀನೇ ಉಪ್ಪಿನ ಡಬ್ಬಿ ತಂದು ಮೇಜಿನ ಮೇಲಿಟ್ಟು, "ಸ್ವಲ್ಪ ತಿಂದ್ರೆ ಏನೂ ಆಗಲ್ವಂತೆ, ರೇಡಿಯೋದಲ್ಲಿ ಡಾಕ್ಟರು ಹೇಳಿದ್ರು" ಎಂದೆ. ಆ ಡಾಕ್ಟರನ್ನು ಮನಸ್ಸಿನಲ್ಲೇ ಹರಸಿದೆ.

ನಿನ್ನೆ ಬಾರ್ರಿಯೊಸ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಗೇಟು ಹೆಂಗಸರ ಕೈಯಲ್ಲೇ ಇತ್ತು, ಅವರು ತೆಗೆದಾಗ ಮಾತ್ರ ತೆಗೀತಿತ್ತು ಅಂತ ಬರವಣಿಗೇಲಿ ಏನಾದ್ರೂ ಸಿಕ್ರೆ ಹಿಲ್ದೊ ಉಳೀತಾನೆ. ಇಲ್ದೇ ಇದ್ರೆ ಕಷ್ಟ. ಆ ಪುಸ್ತಕ ಗಲಾಟೇಲಿ ಕಳೆದುಹೋಗದೇ ಇದ್ದಿದ್ರೆ..." ಪುಸ್ತಕ ಕಳೆದಿಲ್ಲ, ಹಿಲ್ದೊ. ಕಳೆಯಿತೆಂದು ಎಲ್ಲರಿಗೂ ಹೇಳಿದವಳು ನಾನು. ಅದು ಇದೇ ಮನೆಯಲ್ಲಿ, ನಿನ್ನ ಅಮ್ಮನ ಹೊಲಿಗೆ ಯಂತ್ರದ ಮುಚ್ಚಳದ ಒಳಗಿದೆ. ಯಾಕೆ ಬಚ್ಚಿಟ್ಟೆ ಗೊತ್ತೆ? ನಡೆದದ್ದನ್ನೆಲ್ಲ ಬರೀರಿ ಅಂದಿದ್ದರಲ್ಲ, ಮೂರ್ಛೆ ಹೋಗುವುದನ್ನೂ ನಾನು ಠರಾವು ಮಾಡಿ ಬರೆದಿದ್ದೆ. ಹೆಸರುಗಳ ಸಮೇತ.

ಇವತ್ತು ಬೆಳಿಗ್ಗೆ ಸಂತೆಗೆಂದು ಹೋದವಳು ಸಂತೆಗೆ ಹೋಗಲಿಲ್ಲ. ಎದೆಲ್ಮಿರಮ್ಮನ ಮನೆಗೆ ಹೋದೆ. ಅಂಗಳದಲ್ಲಿ ಕೋಳಿಯ ಪುಕ್ಕ ಕೀಳುತ್ತ ಕೂತಿದ್ದರು. ವಿಷಯ ಕೇಳಿ ಕೋಳಿಯನ್ನು ಬೋಗುಣಿಗೆ ಬಿಸಾಡಿ, "ಹುಚ್ಚೀ! ಮೂರ್ಛೆ ಹೋಗೋದನ್ನ ಯಾರಾದ್ರೂ ಠರಾವು ಮಾಡಿ ಬರೀತಾರೇನೇ? ಕಳ್ಳತನಕ್ಕೆ ಹೋಗೋರು ಬೋರ್ಡ್ ಹಾಕ್ಕೊಂಡ್ ಹೋಗ್ತಾರಾ?" ಎಂದು ಕೂಗಾಡಿದರು. ಆಮೇಲೆ ಮೆಲ್ಲಗೆ, "ನನ್ನ ಹೆಸರೂ ಇದೆಯಾ?" ಎಂದರು.

"ಮೊದಲನೇದೇ ನಿಮ್ದು."

ಕೋಳಿಯನ್ನು ಮತ್ತೆ ಕೈಗೆತ್ತಿಕೊಂಡರು. "ನಾಳೆ ಅವರ ಮುಂದೆ ಓದು," ಎಂದರು. "ಬರೀ ಎದೆಲ್ಮಿರಾ ಅಂತ ಓದ್ಬೇಡ. ಕಾರ್ಪೊರಲ್ ಮಾನ್ಸಿಯಾನ ಹೆಂಡ್ತಿ ಅಂತ ಪೂರ್ತಿ ಓದು. ನನ್ನನ್ನ ಏನ್ ಮಾಡ್ತಾರೆ? ಆದ್ರೆ ಆ ಗ್ರಿಸೆಲ್ದಾ, ಅವಳ ಹೊಟ್ಟೇಲಿ ಏಳು ತಿಂಗಳ ಕೂಸಿದೆ. ಅವಳನ್ನ ಕೇಳ್ದೆ ಪುಸ್ತಕ ತೆಗೀಬೇಡ."

ಅಲ್ಲಿಂದ ಗ್ರಿಸೆಲ್ದಾಳ ಮನೆಗೆ ಹೋದೆ. ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ದೆಲ್ಫಿನಕ್ಕಾ, ಸರಪಳಿ ಎಳೆದೋಳು ಅಂತ ನನ್ನನ್ನೇ ಹಿಡೀತಾರೆ ಅಲ್ವಾ?" ಎಂದಳು. ನಾನು ಹೌದೆಂದೆ. ಅವಳು ಬಾಗಿಲು ಮುಚ್ಚಿದಳು. ಬಡಿಯಲು ನನಗೆ ಮನಸ್ಸಾಗಲಿಲ್ಲ.

ಆ ಠರಾವನ್ನು ಅಕ್ಷರಕ್ಕೆ ಅಕ್ಷರ ನಿನಗೆ ಬರೆದು ತೋರಿಸೋಣ, ಬೈಯುವುದಿದ್ದರೆ ಪೂರ್ತಿ ತಿಳಿದೇ ಬೈಯಲಿ ಎಂದು ಈಗಷ್ಟೇ ಎದ್ದು ಹೋಗಿ ಪುಸ್ತಕ ತಂದೆ. ಡಿಸೆಂಬರಿನಿಂದ ನಾನು ಅದನ್ನು ತೆರೆದಿರಲಿಲ್ಲ. ಇಗೋ, ಪುಟ 58:

"ಠರಾವು ಸಂಖ್ಯೆ 31. ಅಧ್ಯಕ್ಷೆ ಎದೆಲ್ಮಿರಾ ಅವರ ಸೂಚನೆಯಂತೆ, ಇಂದು ಹನ್ನೆರಡು ಗಂಟೆಗೆ ಕಾರ್ಯದರ್ಶಿ ದೆಲ್ಫಿನಾ ಮೂರ್ಛೆ ಹೋಗತಕ್ಕದ್ದು. ಸದಸ್ಯೆ ಗ್ರಿಸೆಲ್ದಾ ಸರಪಳಿ ತೆಗೆದು ಕಂಪೌಂಡರನನ್ನು ಮಾತ್ರ ಹೊರಗೆ ಬಿಡತಕ್ಕದ್ದು. ಬೇರೆ ಯಾವ ಗಂಡನನ್ನೂ ಬಿಡತಕ್ಕದ್ದಲ್ಲ. ಗಂಡಂದಿರಿಗೆ ತಿಳಿಸತಕ್ಕದ್ದಲ್ಲ. ಸರ್ವಾನುಮತ."

ಅದರ ಕೆಳಗೆ ನನ್ನದಲ್ಲದ ಕೈಬರಹದಲ್ಲಿ ಒಂದು ಸಾಲಿದೆ.

"ನೋಡಿದೆ. ಮಾರ್ಚ್ 9, 06.10." ಅದರ ಪಕ್ಕದಲ್ಲಿ ನಿನ್ನ ಸಹಿ.

ಪೆನ್ನು ಕೆಳಗಿಟ್ಟು ಹಿತ್ತಲ ಬಾಗಿಲಿಗೆ ಹೋಗಿ ನಿನ್ನನ್ನು ನೋಡಿಬಂದೆ. ನೀನು ಮಗ್ಗುಲಾಗಿ ಬಾಯಿ ತೆರೆದು ಮಲಗಿದ್ದೀಯ. ಮಾರ್ಚಿನಲ್ಲಿ ಹೊಲಿಗೆ ಯಂತ್ರ ಕಿರುಗುಟ್ಟುತ್ತದೆ ಎಂದು ಎಣ್ಣೆ ಹಾಕಿಕೊಟ್ಟೆಯಲ್ಲ, ನಾನು ಬೇರೆ ಶಭಾಷ್ ಎಂದಿದ್ದೆ! ಯಾವ ರೇಡಿಯೋ ಡಾಕ್ಟರು, ಹಿಲ್ದೊ? ನಮ್ಮ ರೇಡಿಯೋ ಕೆಟ್ಟು ವರ್ಷವಾಯಿತು. ನನಗೆ ಅದೂ ಹೊಳೆಯಲಿಲ್ಲ.

ಐದು ತಿಂಗಳಿಂದ ನಿನಗೆ ಎಲ್ಲ ಗೊತ್ತು. ಬಾರ್ರಿಯೊಸ್ "ಗೇಟು ಯಾರು ತೆಗೆದ್ರು?" ಎಂದು ಮೂರು ಸಲ ಕೇಳಿದಾಗ ನಾನು ಪಕ್ಕದಲ್ಲೇ ಕೂತಿದ್ದೆ. ಮೂರು ಸಲವೂ ನೀನು ಒಂದೇ ಮಾತು ಹೇಳಿದೆ: "ಗೊತ್ತಿಲ್ಲ ಸಾರ್. ಹೆಂಡ್ತಿ ಬಿದ್ಲು, ಬಂದೆ." ಒಂದು ಪುಟ ತೆರೆದು ತೋರಿಸಿದ್ದರೆ ನೀನು ಬದುಕುತ್ತಿದ್ದೆ. ಅದರಲ್ಲಿ ಎದೆಲ್ಮಿರಮ್ಮ ಇದ್ದಾರೆ, ಗ್ರಿಸೆಲ್ದಾ ಇದ್ದಾಳೆ, ನಾನಿದ್ದೇನೆ. ನೀನು ಓದಿದೆ, ಸಹಿ ಮಾಡಿದೆ, ಮುಚ್ಚಿ ಮತ್ತೆ ಅಲ್ಲೇ ಇಟ್ಟೆ. ಆಮೇಲೂ ದಿನಾ ಬೆಳಿಗ್ಗೆ ನನ್ನ ನಾಡಿ ಹಿಡಿದೆಯಲ್ಲೋ! ಕಾಯಿಲೆ ಇಲ್ಲವೆಂದು ಗೊತ್ತಿದ್ದೂ ಏನನ್ನು ಎಣಿಸುತ್ತಿದ್ದೆ?

ನನಗೆ ಅಳು ಬಂತು. ಅದರ ಬೆನ್ನಿಗೇ ಕೋಪವೂ ಬಂತು, ಮುಚ್ಚುಮರೆ ಯಾಕೆ. ಯಾರನ್ನು ಕೇಳಿ ಈ ತೀರ್ಮಾನ ಮಾಡಿದೆ ನೀನು? ಒಬ್ಬನೇ ನಿರ್ಧರಿಸಿ ಒಬ್ಬನೇ ಗುಂಡಿಗೆ ಎದೆಯೊಡ್ಡುವುದಾದರೆ ನಮಗೆ ಸಂಘ ಯಾಕೆ ಬೇಕಿತ್ತು? ಮೂವರಿಗೆ ಒಂದು ಜಾಕೆಟ್ಟು ಸಾಲದೆಂದು ತಾನೆ ನಾವು ಬೀದಿಗೆ ಬಂದದ್ದು? ಈಗ ನಮ್ಮ ಮೂವರಿಗೂ ನೀನೊಬ್ಬನೇ ಜಾಕೆಟ್ಟು ಆಗಲು ಹೊರಟಿದ್ದೀಯ. ನಾನು ಒಪ್ಪುವುದಿಲ್ಲ.

ಅದಕ್ಕೇ ಕೇಳು. ನಾಳೆ ಎಂಟೂವರೆಗೆ ಟೈರು ಅಂಗಡಿಯ ಮೇಲೆ ತುರ್ತು ಸಭೆ ಕರೆಯುತ್ತಿದ್ದೇನೆ. ಗ್ರಿಸೆಲ್ದಾಳ ಬಾಗಿಲ ಸಂದಿಯಲ್ಲಿ ಸಂಜೆ ನೋಟೀಸು ಹಾಕುತ್ತೇನೆ. ಪುಸ್ತಕ ಹೊರಗೆ ತೆಗೆಯುವುದೋ ಬೇಡವೋ, ಕೈ ಎತ್ತಿ ತೀರ್ಮಾನ. ಮೂರು ಕೈ ಎದ್ದರೆ ಹತ್ತಕ್ಕೆ ನಾನೇ ಆ ಅಧಿಕಾರಿಗಳ ಮುಂದೆ ನಿಂತು ಪುಟ 58ನ್ನು ಗಟ್ಟಿಯಾಗಿ ಓದುತ್ತೇನೆ. ಗ್ರಿಸೆಲ್ದಾ ಬರದಿದ್ದರೆ, ಬಂದೂ ಕೈ ಎತ್ತದಿದ್ದರೆ, ಅವಳ ಮೇಲೆ ನನಗೆ ಸಿಟ್ಟಿಲ್ಲ. ಪುಸ್ತಕ ಯಂತ್ರದ ಒಳಗೇ ಇರುತ್ತದೆ. ನಾನು ಮಾತ್ರ ಬರುತ್ತೇನೆ. ಬಿದ್ದದ್ದು ಸುಳ್ಳು, ಗೇಟು ತೆಗೆಸಿದ್ದು ನಾನು, ನನ್ನ ಗಂಡನಿಗೆ ಏನೂ ತಿಳಿಯದು ಎಂದು ಹೇಳುತ್ತೇನೆ. ಯಾರು ತೆಗೆದರು ಎಂದು ಕೇಳಿದರೆ, ನಿನಗೆ ಗೊತ್ತಿಲ್ಲವಲ್ಲ, ನನಗೂ ಗೊತ್ತಿಲ್ಲ. ನನ್ನ ಮೇಲೆ ಕೇಸು ಹಾಕುತ್ತಾರೇನೋ. ಶಾಲೆಯ ಕೆಲಸ ಹೋಗುತ್ತದೇನೋ. ಬರಿಯ ಬಾಯಿಮಾತನ್ನು ಅವರು ನಂಬದೆಯೂ ಇರಬಹುದು. ನಾಳೆ ಅಲ್ಲಿ ನಿಂತಾಗ ಮಂಡಿ ಕುಸಿದರೆ ನಿಜವಾಗಿಯೇ ಕುಸಿಯುತ್ತದೆ, ನೀನು ಮಾತ್ರ ಓಡಿಬರಬೇಡ. ಬಂದರೂ ಬಾ. ನಾನೇನು ನಿನ್ನನ್ನು ತಡೆಯಬಲ್ಲೆನೆ?

ಇತಾತಿಯ ದೇವಮಾತೆ ನಾಳೆ ನಿನ್ನ ತಲೆಯ ಮೇಲೆ ಕೈಯಿಟ್ಟಿರಲಿ, ಗ್ರಿಸೆಲ್ದಾಳ ಹೊಟ್ಟೆಯ ಮೇಲೂ. ಈ ಪತ್ರವನ್ನು ಉಪ್ಪಿನ ಡಬ್ಬಿಯ ಕೆಳಗೆ ಇಟ್ಟು ನೋಟೀಸು ಹಾಕಲು ಹೋಗುತ್ತಿದ್ದೇನೆ. ಎದ್ದ ಮೇಲೆ ಓದು, ಕೊನೆಯ ಸಾಲಿನವರೆಗೆ. ಕೆಳಗೆ ನಿನಗಾಗಿ ಜಾಗ ಬಿಟ್ಟಿದ್ದೇನೆ, ಸಮಯ ಹಾಕಿ ಸಹಿ ಮಾಡು. ನಾನು ಬಂದಾಗ ಅದಿದ್ದರೆ ಸಾಕು, ನೀನು ಒಂದು ಮಾತೂ ಆಡಬೇಕಾಗಿಲ್ಲ. ನಾಳೆ ಬೆಳಿಗ್ಗೆ ಆರು ಹತ್ತಕ್ಕೆ ನಾನು ನಿದ್ದೆಯ ನಟನೆ ಮಾಡುವುದಿಲ್ಲ. ಎಚ್ಚರವಿದ್ದು ಕೈ ಚಾಚಿರುತ್ತೇನೆ, ಹಿಡಿದುಕೋ.

ನಿನ್ನ ಫಿನಾ,
ನಡೆದದ್ದನ್ನೆಲ್ಲ ಬರೆಯುವವಳು

ನೋಡಿದವರ ಸಹಿ ಮತ್ತು ಸಮಯ: